ಮೂರನೇ ನಂಬರಿನ ಊರುಗೋಲು

ಆಟಗಾರನ ಯೋಗ್ಯತೆ ಏಪ್ರಿಲ್‌ನಲ್ಲೇ ತೀರ್ಮಾನ ಆಗುತ್ತೆ. ಆಟ ಶುರುವಾಗೋದು ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಟೊಲೀಡೊ ಊರಿನ ಪೈಪು-ನಲ್ಲಿ ಅಂಗಡಿಯವರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ.

ಏಪ್ರಿಲ್‌ನಲ್ಲಿ ದೊಡ್ಡ ದೊಡ್ಡ ಫುಟ್‌ಬಾಲ್ ತಂಡಗಳು ಕಾಲೇಜು ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ತವೆ ನೋಡಿ, ಅದೇ ಡ್ರಾಫ್ಟು. ಎಷ್ಟನೆಯವನಾಗಿ ಆರಿಸಿದ್ರೋ ಅದೇ ಅವನ ನಂಬರು. ಆಮೇಲೆ ಅಂಗಡಿಯವರು ಅದೇ ಆಟಗಾರರ ಹೆಸರು ಹಂಚ್ಕೊಂಡು ತಮ್ಮ ತಮ್ಮ ಕನಸಿನ ತಂಡ ಕಟ್ತಾರೆ. ನಿಮ್ಮೋನು ಭಾನುವಾರದ ಆಟದಲ್ಲಿ ಚೆಂಡು ಹಿಡಿದು ಓಡಿದ್ರೆ ನಿಮಗೆ ಅಂಕ. ಕೊನೇ ಸ್ಥಾನದೋರು ಮಾತ್ರ ಜನವರಿ ಹಿಮದಲ್ಲಿ ಕೋಳಿ ವೇಷ ಹಾಕ್ಕೊಂಡು ಅಂಗಡಿ ಮುಂದೆ ನಿಲ್ಬೇಕು. ಹೋದ ವರ್ಷ ಕೌಂಟರಿನ ನೋರೀನ್ ನಿಂತಿದ್ಳು. ಅವಳ ಅತ್ತೆ ಕಾರು ನಿಲ್ಸಿ ಫೋಟೋ ಬೇರೆ ತೆಗೆದಿದ್ಳು! ಈ ಸಲ ಪ್ರಾಣ ಹೋದ್ರೂ ಆ ಪುಕ್ಕ ಮೈಗೆ ಸೋಕಿಸಲ್ಲ ಅಂತ ನೋರೀನ್ ಶಪಥ ಮಾಡಿದ್ಳು.

ಅದಕ್ಕೇ ಅವಳು ಯಾರೂ ಮಾಡದ ಕೆಲಸ ಮಾಡಿದ್ಳು. ಅಭ್ಯಾಸದ ಆಟಗಳನ್ನ ಕೂತು ನೋಡಿದ್ಳು! ನೋಡಿ, ಡ್ರಾಫ್ಟಿನ ಬಾಲದಲ್ಲಿ ಸಿಕ್ಕ ಪಿಂಕ್ನಿ ಅನ್ನೋ ಹುಡುಗನ್ನ ಆರಿಸ್ಕೊಂಡ್ಳು. ಮ್ಯಾನೇಜರ್ ಗೋರ್ಡಿ, ಈ ಪಂದ್ಯಾವಳಿಗೂ ಅವನೇ ಯಜಮಾನ, ಮೂರನೇ ನಂಬರಿನ ಸ್ಟ್ರೇಡರ್‌ನ ತನ್ನ ತಂಡಕ್ಕೆ ಆರಿಸ್ಕೊಂಡು ಬಿದ್ದು ಬಿದ್ದು ನಕ್ಕ.

"ಏನೇ ನೋರೀನ್, ಸಂತೆ ಮುಗಿದ್ಮೇಲೆ ಗುಡಿಸೋ ಮಾಲು ತಂದ್ಯಾ?"

"ಓಡ್ತಾನೆ ಕಣೋ, ನಾನೇ ನೋಡಿದೀನಿ."

"ನೋಡೋಕೇನಿದೆ ಅದ್ರಲ್ಲಿ? ನಂಬರ್ ಓದೇ!"

ಪಿಂಕ್ನಿ ಓಡಿದ. ಓಡಿದ ಅಂದ್ರೆ, ಹಿಡಿಯೋಕೆ ಬಂದೋರು ಅವನ ಬೆನ್ನು ನೋಡ್ಕೊಂಡೇ ಮನೆಗೆ ಹೋದ್ರು. ಸ್ಟ್ರೇಡರ್ ಮೊದಲ ಆಟಕ್ಕೆ ಮೈ ಬಿಸಿ ಮಾಡ್ಕೊಳ್ತಾನೇ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸ್ಕೊಂಡ. ಡಿಸೆಂಬರ್ ಹೊತ್ತಿಗೆ ನೋರೀನ್ ಮೊದಲು, ಗೋರ್ಡಿ ಕೊನೆ. ಅಷ್ಟರಲ್ಲೇ ಒಂದು ಬೆಳಿಗ್ಗೆ ಕಾಫಿ ಯಂತ್ರದ ಮೇಲೆ ಗೋರ್ಡಿಯ ಪ್ರಕಟಣೆ:

"ಹೊಸ ಆಟಗಾರರ ಅಂಕಗಳನ್ನು ಇನ್ನು ಮುಂದೆ, ಹಾಗೂ ಇಲ್ಲಿಯವರೆಗೂ, ಡ್ರಾಫ್ಟ್ ಸಂಖ್ಯೆಯ ಮೇರೆಗೆ ನಿಗದಿಪಡಿಸಲಾಗುವುದು. ಮೈದಾನದಲ್ಲಿ ಸಂಭವಿಸುವ ಘಟನೆಗಳನ್ನು ಪರಿಗಣಿಸಲಾಗುವುದಿಲ್ಲ."

"ಗೋರ್ಡಿ, ನಿನ್ನ ಹುಡುಗ ಊರುಗೋಲು ಹಿಡಿದಿದಾನೆ ಕಣೋ!"

"ಮೂರನೇ ನಂಬರಿನೋನ ಊರುಗೋಲು ಕಣೇ ಅದು. ಆರಿಸಿದ ತಜ್ಞರೇನು ದಡ್ಡರಾ?"

"ಪಿಂಕ್ನಿ ವಾರವಾರಾನೂ ಗೆಲ್ಲಿಸ್ತಿದಾನಲ್ಲ?"

"ಅದೇ ತಪ್ಪು! ತನ್ನ ನಂಬರ್ ಮೀರಿ ಆಡ್ತಿದಾನೆ. ಅದಕ್ಕೂ ದಂಡ ಹಾಕಿದೀನಿ, ಕೆಳಗೆ ಓದು."

ಹೊಸ ನಿಯಮಾನ ಮತಕ್ಕೆ ಹಾಕಿದ್ರು. ನೋರೀನ್ ಬಿಟ್ಟು ಎಲ್ಲರ ಕೈಯೂ ಮೇಲಕ್ಕೆ. ಗೋದಾಮಿನ ವೆಂಡೆಲ್ ಮಾತ್ರ ನಾಚ್ಕೊಂಡು ಎತ್ತಿದ. "ಬೇಜಾರ್ ಮಾಡ್ಕೋಬೇಡ ಕಣೇ. ಆ ವೇಷ ಯಾರಾದ್ರೂ ಹಾಕ್ಬೇಕಲ್ಲ, ನನಗೆ ಚಳಿ ತಡೆಯಲ್ಲ."

ಜನವರಿ ಬಂತು. ನೋರೀನ್ ಪುಕ್ಕ ತೊಟ್ಟು ಹಿಮದಲ್ಲಿ ನಿಂತಳು. ಅತ್ತೆಯ ಕಾರು ನಿಂತಿತು.

"ಮತ್ತೆ ನೀನೇನಾ?"

"ಮೊದಲನೇ ಸ್ಥಾನದಲ್ಲಿದ್ದೆ, ಅತ್ತೆ!"

"ಎಷ್ಟನೇ ನಂಬರಿನೋನ್ನ ಆರಿಸಿದ್ದೆ?"

ನೋರೀನ್ ಹೇಳಿದ್ಳು.

"ಮತ್ತಿನ್ನೇನಾಗುತ್ತೆ?" ಅಂದು ಅತ್ತೆ ಫೋಟೋ ತೆಗೆದಳು.

ಈ ವರ್ಷ ನೋರೀನ್ ಏನನ್ನೂ ನೋಡಲಿಲ್ಲ. ಒಂದನೇ ನಂಬರಿನೋನ್ನ ಆರಿಸ್ಕೊಂಡ್ಳು. ಅವನಿನ್ನೂ ಬೂಟು ಕಟ್ಟಿಲ್ಲ, ಅವಳೇ ಮುಂದಿದಾಳೆ, ಅತ್ತೆ ಕೇಕ್ ಬೇಯಿಸಿ ಕಳಿಸಿದಾಳೆ. ಕೊನೇ ನಂಬರಿನೋನು ಸಿಕ್ಕಿರೋದು ವೆಂಡೆಲ್‌ಗೆ. ಆಟ ಶುರುವಾಗೋಕೆ ಇನ್ನೂ ತಿಂಗಳಿದೆ, ಕೋಳಿ ವೇಷಕ್ಕೆ ಅವನ ಅಳತೆ ತಗೊಂಡಾಯ್ತು. ಸೊಂಟದ ಹತ್ರ ಸ್ವಲ್ಪ ಸಡಿಲ ಬಿಡಿ ಅಂತಷ್ಟೇ ಕೇಳ್ಕೊಂಡ, ಪಾಪ. ಒಳಗೆ ಸ್ವೆಟರ್ ಹಾಕ್ಕೋಬೇಕಂತೆ.