ಪುಸ್ತಕದ ತುಂಬ ಒಂದೇ ಕೋರಿಕೆ

ನೀಲಿ ರಟ್ಟಿನ ಆ ದಪ್ಪ ಪುಸ್ತಕ ಪರವಾನಗಿ ಕಚೇರಿಗೆ ಬಂದು ಮೂರು ತಿಂಗಳಾಗಿತ್ತು. ಸಾಹೇಬರ ಹತ್ತಿರ ಏನನ್ನಾದರೂ ಕೇಳಲು ಬಂದವರು ತಾವು ಯಾರು, ಕೇಳಿದ್ದೇನು ಎಂದು ಅದರಲ್ಲಿ ಬರೆಯಬೇಕೆಂಬುದು ಸರ್ಕಾರದ ಹೊಸ ನಿಯಮ. ಇಂಥ ಏಳು ನಿಯಮಗಳನ್ನು ಗುಮಾಸ್ತ ತನ್ನ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ ರಟ್ಟಿನ ಒಳಗೆ ಅಂಟಿಸಿದ್ದ. ಅಕ್ಷರ ಚೆನ್ನಾಗಿ ಬಂದಿದೆಯೇ ಎಂದು ನೋಡಿದ್ದನೇ ಹೊರತು ಅರ್ಥಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಪುಸ್ತಕ ಮಾತ್ರ ಖಾಲಿ. ಕೇಳಲು ಬರುವವರೆಲ್ಲ ಪಕ್ಕದ ಬಾಗಿಲಿನಿಂದ ಬರುತ್ತಿದ್ದರು. ಆ ಬಾಗಿಲು ತೆರೆಯುತ್ತಿದ್ದವನೂ ಈ ಗುಮಾಸ್ತನೇ.

ಅಂದು ಬೆಳಗ್ಗೆ ಸಾಹೇಬರು ಕರೆದರು.

"ದೇಶದೇಶಗಳ ಪೈಪೋಟಿ ಪಟ್ಟೀಲಿ ನಾವು ಕೆಳಗಿಂದ ಮೂರನೆಯವರು ಕಣಯ್ಯ. ಜನ ಸಲೀಸಾಗಿ ಅಂಗಡಿ ತೆರೆಯೋಕೆ ಬಿಡಲ್ಲ, ನಮ್ಮ ಕಿವಿ ಊದೋರು ಯಾರು ಅಂತ ಹೇಳಲ್ಲ, ಅದಕ್ಕೇ ಅಂತೆ. ನಾಲ್ಕು ಗಂಟೆಗೆ ತನಿಖೆಯವರು ಬರ್ತಾರೆ. ಪುಸ್ತಕ ತುಂಬಿಸು. ಸಂಜೆ ನಿನ್ನ ಬಡ್ತಿ ಕಾಗದಕ್ಕೆ ಸಹಿ ಹಾಕ್ತೀನಿ."

ಗುಮಾಸ್ತನಿಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಹನ್ನೊಂದು ವರ್ಷದಿಂದ ಅವನ ಕುರ್ಚಿ ಕಕ್ಕಸಿನ ಬಾಗಿಲ ಪಕ್ಕದಲ್ಲಿತ್ತು. ಬಡ್ತಿ ಸಿಕ್ಕರೆ ಕಿಟಕಿಯ ಪಕ್ಕಕ್ಕೆ ಹೋಗಬಹುದು.

ಮೊದಲು ಸಿಕ್ಕಿದವರು ಸಾಬೂನು ಕಾರ್ಖಾನೆಯ ಏಜೆಂಟರು. ಹೊಸಬರಿಗೆ ಸಾಬೂನು ತಯಾರಿಸಲು ಪರವಾನಗಿ ಕೊಡಬೇಡಿ ಎಂದು ಹೇಳಲು ವಾರಕ್ಕೆರಡು ಸಲ ಬರುವವರು.

"ಸ್ವಾಮಿ, ಇಲ್ಲೊಂದು ಸಾಲು ಬರೀರಿ."

"ನಾನೇನು ಕೇಳಿದೆ? ಸಾಹೇಬರ ಆರೋಗ್ಯ ವಿಚಾರಿಸೋಕೆ ಬಂದಿದ್ದೆ" ಎಂದು ಅವರು ಜಾರಿಕೊಂಡರು.

ಕಂಗಾಲಾದ ಗುಮಾಸ್ತ ಟೈಪಿಸ್ಟ್ ಅಕ್ಕನ ಮುಂದೆ ಪುಸ್ತಕ ಹಿಡಿದ.

"ಒಳಗೆ ಹೋಗಿ ಏನಾದ್ರೂ ಕೇಳಿ ಬಂದು ಬರೀರಿ ಅಕ್ಕ. ಸುಳ್ಳು ಬರೆಯೋ ಹಾಗಿಲ್ಲ."

"ನನಗೇನಪ್ಪ ಬೇಕು? ಬೇಕಾಗಿರೋದು ನಿನಗೆ" ಎಂದು ಆಕೆ ಒಳಗೆ ಹೋಗಿ ಕೇಳಿಬಂದು, 'ಗುಮಾಸ್ತರಿಗೆ ಬಡ್ತಿ ಕೊಡಿ' ಎಂದು ಬರೆದಳು. ಹಿಂದೆಯೇ ಇಡೀ ಕಚೇರಿ ಸಾಲು ನಿಂತಿತು. ಊಟದ ಡಬ್ಬಿ ತಂದ ಹೆಂಡತಿ, ಅವಳ ಅಣ್ಣ, ಎದುರಿನ ಕ್ಷೌರದಂಗಡಿಯವನು, ಎಲ್ಲರದೂ ಅದೇ ಕೋರಿಕೆ. ಗೋಡೆಯ ಜಗಳದಲ್ಲಿ ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯವನೂ ಬಂದ.

"ಬಡ್ತಿ ಆದ್ರೆ ಬೇರೆ ಊರಿಗೆ ಹಾಕ್ತಾರಲ್ವ?" ಎಂದು ಆಸೆಯಿಂದ ಕೇಳಿ ಬರೆದ.

ಗುಮಾಸ್ತನ ಕಣ್ಣು ತುಂಬಿತು. ಜನ ತನ್ನನ್ನು ಇಷ್ಟು ಹಚ್ಚಿಕೊಂಡಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ.

ನಾಲ್ಕಕ್ಕೆ ತನಿಖೆಯ ಅಧಿಕಾರಿಣಿ ಬಂದರು. ಪುಟ ತಿರುವಿದಂತೆಲ್ಲ ಅವರ ಮುಖ ಅರಳಿತು.

"ನಲವತ್ತೊಂದು ಕೋರಿಕೆ. ಇಷ್ಟು ಪಾರದರ್ಶಕ ಕಚೇರಿ ನಾನು ಕಂಡಿಲ್ಲ. ಪೂರ್ತಿ ಅಂಕ ಕೊಡ್ತೀನಿ."

ಸಾಹೇಬರು ಉಬ್ಬಿಹೋಗಿ, ಬಡ್ತಿ ಕಾಗದ ಎಳೆದುಕೊಂಡು ಪೆನ್ನು ತೆರೆದರು.

"ಒಂದು ನಿಮಿಷ" ಎಂದರು ಅಧಿಕಾರಿಣಿ. "ರಟ್ಟಿನ ಒಳಗಿರೋ ಈ ಚೆಂದದ ಅಕ್ಷರ ಯಾರದು?"

"ನಂದೇ ಮೇಡಂ."

"ಏಳನೆಯ ನಿಯಮ ಓದಿ."

ಗುಮಾಸ್ತ ಉತ್ಸಾಹದಿಂದ ಶುರುಮಾಡಿದ: "ಈ ಪುಸ್ತಕದಲ್ಲಿ ದಾಖಲಾದ ವಿಷಯದ ಬಗ್ಗೆ, ಕೋರಿಕೆಯೊಂದಕ್ಕೆ ಒಂದು ವರ್ಷದಂತೆ ಕಾಲ ಕಳೆಯುವವರೆಗೆ, ಆದೇಶ ಹೊರಡಿಸತಕ್ಕದ್ದಲ್ಲ..." ಕೊನೆಯ ಪದಕ್ಕೆ ಬರುವಷ್ಟರಲ್ಲಿ ಅವನ ದನಿ ಉಡುಗಿಹೋಗಿತ್ತು.

"ಮೇಡಂ, ನಾನು ರಿಟೈರ್ ಆಗೋಕೆ ಇನ್ನು ಇಪ್ಪತ್ತೆರಡೇ ವರ್ಷ ಇರೋದು."

"ನಿಯಮ ಅಂದ್ರೆ ನಿಯಮ" ಎಂದು ಅವರು ಹೊರಟರು.

ತೆರೆದ ಪೆನ್ನನ್ನು ವ್ಯರ್ಥ ಮಾಡುವುದೇಕೆಂದು ಸಾಹೇಬರು, ಹೊಸಬರಿಗೆ ಪರವಾನಗಿ ಇಲ್ಲವೆಂಬ ಸಾಬೂನು ಕಾರ್ಖಾನೆಯ ಕಾಗದಕ್ಕೆ ಸಹಿ ಹಾಕಿದರು. ಏಜೆಂಟರು ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ, ಹೀಗಾಗಿ ಯಾವ ನಿಯಮವೂ ಅಡ್ಡ ಬರಲಿಲ್ಲ. ಕಾಗದ ಒಯ್ಯಲು ಅವರು ಬಂದು ನಿಂತಾಗ ಕಕ್ಕಸಿನ ಪಕ್ಕದ ಕುರ್ಚಿಯಿಂದ ಎದ್ದು, ಪಕ್ಕದ ಬಾಗಿಲು ತೆರೆದವನು ಗುಮಾಸ್ತನೇ.