ಎರಡೆಂದರೆ ನಡುಗುವ ಭಾವ

ನನ್ನ ಭಾವನಿಗೆ ದೆವ್ವದ ಭಯವಿಲ್ಲ, ಹಾವಿನ ಭಯವಿಲ್ಲ, ನನ್ನ ಅಕ್ಕನ ಭಯವೂ (ಅವಳು ಎದುರಿಗಿಲ್ಲದಿದ್ದರೆ) ಇಲ್ಲ. ಆದರೆ ಒಂದೇ ವಿಷಯವನ್ನು ಎರಡು ಕಡೆ ಬರೆದಿಟ್ಟದ್ದು ಕಂಡರೆ ಆ ಮನುಷ್ಯ ಗಡಗಡ ನಡುಗುತ್ತಾರೆ!

ಕಡಿಯಾಳಿಯ ಅವರ ಮನೆಯಲ್ಲಿ ಒಂದೇ ಕ್ಯಾಲೆಂಡರ್, ಒಂದೇ ಗಡಿಯಾರ. ಅಕ್ಕ ಅಡುಗೆಮನೆಗೆಂದು ಇನ್ನೊಂದು ಗಡಿಯಾರ ತಂದದ್ದೇ ತಡ, ಭಾವ ಅದರ ಸೆಲ್ ಕಿತ್ತಿಟ್ಟರು. "ಎರಡೂ ಬೇರೆ ಬೇರೆ ಗಂಟೆ ತೋರಿಸಿದ್ರೆ ಯಾವುದನ್ನು ನಂಬುವುದು?"

"ನಿಮ್ಮಂಥವರು ಒಬ್ಬರೇ ಇರುವುದು ನನ್ನ ಪುಣ್ಯ" ಎಂದಳು ಅಕ್ಕ.

ಇದು ಎರಡು ಸಾವಿರದ ಮೊದಮೊದಲ ವರ್ಷಗಳ ಮಾತು. ಉಡುಪಿ, ಮಣಿಪಾಲದ ನಾವು ಕೆಲವರು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರಿಗೆ ಕನ್ನಡದಲ್ಲಿ ಸಹಾಯ ಪುಟಗಳನ್ನು ಬರೆಯುತ್ತಿದ್ದೆವು. ಭಾವ ನಮ್ಮ ಗುಂಪಿನ ಯಮ. ಯಾರಾದರೂ ಹುಮ್ಮಸ್ಸಿನಿಂದ ಪುಟ ಬರೆದರೆ ಕೂಡಲೇ ಮೇಲ್: "ಇದು ಆಗಲೇ ಉಂಟು. ಲಿಂಕ್ ಕೊಟ್ಟು ಪುಟ ಅಳಿಸಿ." ಭಾನುವಾರವಿಡೀ ಕೂತು ನಾನು ಬರೆದದ್ದೂ ಒಂದು ಸಾಲಿನ ಲಿಂಕ್ ಆಯಿತು!

"ಎರಡು ಇದ್ರೆ ಎಂತ ಭಾವ, ಆಕಾಶ ಬೀಳ್ತದಾ?"

"ತಪ್ಪು ಕಂಡಾಗ ಒಂದನ್ನು ತಿದ್ದುತ್ತೇವೆ ಮಾರಾಯ, ಇನ್ನೊಂದು ಹಾಗೇ ಉಳೀತದೆ. ಯಾರೋ ಪಾಪ, ಅದನ್ನೇ ನಂಬ್ತಾರೆ."

ನನಗೆ ನಗು ಬಂದಿತ್ತು.

ಒಂದು ಮಧ್ಯಾಹ್ನ ಬನ್ನಂಜೆಯ ನನ್ನ ಕಂಪ್ಯೂಟರ್ ಅಂಗಡಿಗೆ ಭಾವ ಬಿಳಿಚಿಕೊಂಡು ಬಂದರು. ಹಳೆಯ ಕಂಪ್ಯೂಟರಿಗೆ ನಮ್ಮ ಸಾಫ್ಟ್‌ವೇರ್ ಹಾಕುವುದು ಹೇಗೆಂಬ ಅವರ ಪುಟವನ್ನು ಕಾರ್ಕಳದವನೊಬ್ಬ ಒಳ್ಳೆಯ ಮನಸ್ಸಿನಿಂದಲೇ ತನ್ನ ತಾಣದಲ್ಲಿ ನಕಲು ಮಾಡಿದ್ದ. ಭಾವ ಬರೆದಾಗಲೇ ಅದರಲ್ಲೊಂದು ಹಂತ ತಪ್ಪಾಗಿತ್ತು. ಹಾಗೆ ಮಾಡಿದರೆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ! ಆಮೇಲೆ ಭಾವ ತಮ್ಮ ಪುಟವನ್ನು ತಿದ್ದಿದ್ದರು, ನಕಲು ಹಾಗೇ ಇತ್ತು. ಈಗ ನಮ್ಮ ಪರಿಚಯದ ಕಾಪುವಿನ ಟೀಚರೊಬ್ಬರ ಮೇಲ್ ಬಂದಿತ್ತು: "ಕಾರ್ಕಳದವರ ಪುಟ ನೋಡಿ ಇವತ್ತೇ ಶುರು ಮಾಡ್ತೇನೆ. ನಮ್ಮವರ ಧ್ವನಿಗೆ ಎಂತ ಆಗುವುದಿಲ್ಲ ಅಲ್ವಾ?"

ತೀರಿಹೋದ ಅವರ ಗಂಡ ಮಗಳಿಗೆ ಕಥೆ ಹೇಳಿದ ಧ್ವನಿ ಅದು, ಆ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟದ್ದು. ಬೇರೆಲ್ಲೂ ಇರಲಿಲ್ಲ.

ಫೋನ್ ಮಾಡಿದರೆ ಎಂಗೇಜ್. ಇಂಟರ್ನೆಟ್ಟಿಗೂ ಫೋನಿಗೂ ಒಂದೇ ತಂತಿಯ ಕಾಲವಲ್ಲವೇ! ಸ್ಕೂಟರ್ ಹತ್ತಿದೆವು. ದಾರಿಯುದ್ದಕ್ಕೂ ಭಾವ ಹಿಂದಿನಿಂದ "ಬೇಗ, ಬೇಗ" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಈ ಸಲ ನನಗೂ ನಗು ಬರಲಿಲ್ಲ.

"ಟೀಚರ್, ಒತ್ತಬೇಡಿ!" ಭಾವ ಗೇಟಿನಿಂದಲೇ ಕೂಗಿದರು.

"ಎಂತ ಒತ್ತುವುದು? ಡಿಸ್ಕಿನ ಪ್ರಶ್ನೆ ಬರುವಾಗಲೇ ಕರೆಂಟು ಹೋಯ್ತು, ಶನಿ!"

ಭಾವ ಉರಿಯದ ಬಲ್ಬಿಗೆ ಕೈಮುಗಿದರು.

ಕರೆಂಟು ಬಂದ ಮೇಲೆ ಮೊದಲು ಆ ಧ್ವನಿಯನ್ನೇ ಹುಡುಕಿದೆವು. ಇತ್ತು. ಗಂಡು ದನಿಯೊಂದು ಕೆಮ್ಮಿ, "ಕಥೆ ಎಲ್ಲಿಗೆ ಬಂತು ಮಗಾ?" ಎಂದು ಕೇಳಿತು. ಟೀಚರ್ ಸೆರಗನ್ನು ಬಾಯಿಗೊತ್ತಿ ನಿಂತರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಭಾವ ನನ್ನ ಚೀಲದಿಂದ ಖಾಲಿ ಸಿಡಿ ತೆಗೆದು ಆ ಧ್ವನಿಯ ಒಂದು ಪ್ರತಿ ಮಾಡಿದರು. ಆಮೇಲೆ ಇನ್ನೊಂದು. ಮತ್ತೂ ಒಂದು!

"ಭಾವ, ಇದು ನೀವೇನಾ?"

ಅವರು ಮೂರನೆಯ ಸಿಡಿಯ ಮೇಲೆ ಹೆಸರು ಬರೆಯುತ್ತಲೇ ಹೇಳಿದರು:

"ಇದನ್ನು ಇನ್ನು ಯಾರೂ ತಿದ್ದಲಿಕ್ಕಿಲ್ಲ ಅಲ್ವಾ ಮಾರಾಯ. ಎಷ್ಟು ಕಡೆ ಇದ್ರೂ ಭಯ ಇಲ್ಲ."