ಉಳ್ಳೂರಿನ ಖಾಲಿ ಕುರ್ಚಿ

ಆ ಭಾನುವಾರದ ಅವಾಂತರಕ್ಕೆಲ್ಲ ಮೂಲ, ಲ್ಯಾಪ್‌ಟಾಪಿನ ನೆತ್ತಿಯಲ್ಲಿದ್ದ ಸಾಸಿವೆ ಕಾಳಿನಷ್ಟು ಕ್ಯಾಮೆರಾ. ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ. ಅದರ ಕಣ್ಣಿಗೆ ಬರೆಯುವವನ ಮುಖವೊಂದೇ ಕಾಣಬೇಕು, ಕಿವಿಗೆ ಬೇರೆ ದನಿ ಬೀಳಬಾರದು. ಮೂರನೇ ತಪ್ಪಿಗೆ ಪರೀಕ್ಷೆ ರದ್ದು.

ವಿಠಲರಾಯರು ಮಟ್ಟಾಂಚೇರಿಯ ಬ್ಯಾಂಕೊಂದರಲ್ಲಿ ಗುಮಾಸ್ತರು. ಹೆಂಡತಿ ಸರೋಜ ಅದೇ ಬ್ಯಾಂಕಿನವರು, ದೂರದ ತಿರುವನಂತಪುರದ ಉಳ್ಳೂರು ಶಾಖೆಯಲ್ಲಿ. ಹೋದ ತಿಂಗಳು ಆಕೆ ತಲೆಸುತ್ತಿ ಬಿದ್ದವರು, ಹಾಲಿನವನು ಬಂದು ಬಾಗಿಲು ಬಡಿಯುವವರೆಗೆ ಒಬ್ಬರೇ ನೆಲದ ಮೇಲಿದ್ದರು. ಅಂದಿನಿಂದ ರಾಯರಿಗೆ ಉಳ್ಳೂರಿಗೆ ಹೋಗಿ ಸೇರುವುದೊಂದೇ ಚಿಂತೆ.

ಡಿಜಿಟಲ್ ಕೌಶಲದ ಈ ಪರೀಕ್ಷೆ ಪಾಸಾದವರು, ಯಾವ ಶಾಖೆಯಲ್ಲಿ ಜಾಗ ಖಾಲಿಯಿದೆಯೋ ಅದನ್ನು ಪರದೆಯ ಮೇಲೆ ಒತ್ತಿದರೆ ಸಾಕು, ವರ್ಗಾವಣೆ ಆದಂತೆಯೇ. ಒತ್ತಿದ ಮೇಲೆ ಮೂರು ವರ್ಷ ಅಲುಗಾಡುವಂತಿಲ್ಲ. ಎರಡು ಸಲ ಫೇಲಾಗಿದ್ದ ರಾಯರು ಈ ಸಲ ಹೆಂಡತಿಗೆ ಸುದ್ದಿಯನ್ನೇ ಹೇಳಿರಲಿಲ್ಲ. ಆದರೆ ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು.

ಮೂರನೇ ಪ್ರಶ್ನೆಯ ಹೊತ್ತಿಗೆ ಎದುರುಮನೆಯ ಕದೀಜುಮ್ಮ ಬಿಸಿ ಅಕ್ಕಿರೊಟ್ಟಿ, ಅವರ ಪತ್ತಿರಿಯ ತಟ್ಟೆ ಹಿಡಿದು ಒಳಗೇ ಬಂದರು. ರಾಯರು ಅವರಿಗೆ ‘ಮೋನೇ’, ಮಗ; ರಾಯರಿಗೆ ಅವರು ‘ಉಮ್ಮಾ’, ಅಮ್ಮ.

“ಮೋನೇ, ಹಸಿದ ಹೊಟ್ಟೆಗೆ ತಲೆ ಓಡ್ತದಾ?”

ಪರದೆ ಕೆಂಪಾಯಿತು. ಎರಡನೇ ಮುಖ! ಮೊದಲ ಎಚ್ಚರಿಕೆ.

ರಾಯರು ಕಣ್ಣಲ್ಲೇ ಕೆಳಗೆ ತೋರಿಸಿದರು. ಎಪ್ಪತ್ತು ದಾಟಿದ ಮುದುಕಿ, ಪೊರಕೆ ಕಂಡ ಜಿರಳೆಯ ಹಾಗೆ ಸರ್ರನೆ ಮೇಜಿನಡಿ ಸೇರಿದರು. ತಟ್ಟೆಯನ್ನು ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಗಣಪತಿ, ಕಾಸರಗೋಡಿನ ಮೆಣಸಿನ ದಲ್ಲಾಳಿ, ಕಿಟಕಿಯ ಹೊರಗಿನಿಂದ ಕೂಗಿದ: “ವಿಠಲಣ್ಣಾ, ಎಂತ ಆಯ್ತು? ಗೊತ್ತಾಗದಿದ್ರೆ ಎಲ್ಲದಕ್ಕೂ ‘ಸಿ’ ಒತ್ತಿ ಮಾರಾಯ್ರೆ! ನಮ್ಮ ಹುಡುಗ ಹಾಗೇ ಪಾಸಾದ್ದು!”

ಎರಡನೇ ಎಚ್ಚರಿಕೆ.

ಅದೇ ಗಳಿಗೆಗೆ ಕರೆಂಟು ಹೋಯಿತು. ಬ್ಯಾಟರಿ, ಫೋನಿನ ನೆಟ್ಟು ಹೇಗೋ ಉಸಿರು ಹಿಡಿದಿದ್ದವು. ರಾಯರದ್ದು ಮಾತ್ರ ನಿಲ್ಲುವ ಹಾಗಿತ್ತು. ಬೆವರು ಕಣ್ಣಿಗಿಳಿದು ‘ಎ’ ಯಾವುದು, ‘ಬಿ’ ಯಾವುದು ಕಾಣದಾಯಿತು. ಪಶ್ಚಾತ್ತಾಪಪಟ್ಟ ಗಣಪತಿ ಅಂಬೆಗಾಲಿಟ್ಟು ಒಳಗೆ ಬಂದ. ಮೇಜಿನಡಿ ಅಂಗಾತ ಮಲಗಿ ಪೇಪರು ಮಡಚಿ ಮೇಲಕ್ಕೆ ಗಾಳಿ ಬೀಸತೊಡಗಿದ. ಅವನು ಬಾಯಿ ತೆರೆದಾಗಲೆಲ್ಲ ಕದೀಜುಮ್ಮ ಅದರೊಳಗೆ ಒಂದೊಂದು ಪತ್ತಿರಿ ತುರುಕಿದರು.

ತಟ್ಟೆ ಖಾಲಿಯಾಗುವುದಕ್ಕೂ ಪರೀಕ್ಷೆ ಮುಗಿಯುವುದಕ್ಕೂ ಸರಿಹೋಯಿತು. ಪರದೆ ಹಸಿರಾಯಿತು. ಪಾಸು!

ಕದೀಜುಮ್ಮ ಮೇಜಿನಡಿಯಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಯರು ಪರದೆಯ ಮೇಲೆ ಉಳ್ಳೂರನ್ನು ಹುಡುಕಿದರು. ಬೆಳಿಗ್ಗೆ ಅಲ್ಲಿ ಒಂದು ಜಾಗವೂ ಇರಲಿಲ್ಲ. ಈಗ ನೋಡಿದರೆ, ಒಂದು ಖಾಲಿ!

“ಒತ್ತಿ ಮಾರಾಯ್ರೆ, ಯಾರಾದ್ರೂ ಹಾರಿಸಿಯಾರು!” ಗಣಪತಿ ಪತ್ತಿರಿ ನುಂಗುತ್ತ ಕಿರುಚಿದ.

ಒತ್ತಿದರು. ವರ್ಗಾವಣೆ ಖಚಿತವಾಯಿತು. ದೇವರಿಗೆ ಕೈಮುಗಿಯುವಷ್ಟರಲ್ಲಿ ಫೋನು ಬಂತು. ಸರೋಜ.

“ರೀ, ಕೂತಿದ್ದೀರಾ? ಕೂತ್ಕೊಳ್ಳಿ ಮೊದ್ಲು. ನಿಮ್ಗೆ ಹೇಳಿರ್ಲಿಲ್ಲ, ನಾನೂ ಆ ಪರೀಕ್ಷೆ ಕಟ್ಟಿದ್ದೆ. ಪಾಸಾದೆ ಕಣ್ರೀ! ಮಟ್ಟಾಂಚೇರಿ ಒತ್ತಿಬಿಟ್ಟೆ. ಸಾಕಪ್ಪ ಈ ಒಂಟಿ ಬಾಳು.”

ರಾಯರು ಉಳ್ಳೂರನ್ನು ರದ್ದು ಮಾಡಲು ಪರದೆಯನ್ನು ಒತ್ತಿ ಒತ್ತಿ ನೋಡಿದರು.

“ಯಾಕ್ರೀ ಮಾತಾಡ್ತಿಲ್ಲ? ಖುಷಿ ಆಯ್ತಾ? ಇನ್ನೂ ಒಂದು ತಮಾಷೆ ಕೇಳಿ. ನನ್ನ ಸೀಟು ಖಾಲಿ ಅಂತ ತೋರಿಸಿ ಹತ್ತು ನಿಮಿಷ ಆಗಿಲ್ಲ, ಯಾವನೋ ಪುಣ್ಯಾತ್ಮ ಆಗ್ಲೇ ಬಂದು ವಕ್ಕರಿಸಿದಾನೆ!”

ಮೇಜಿನಡಿಯಿಂದ ಕದೀಜುಮ್ಮ ರಾಯರ ಮೊಣಕಾಲು ಮುಟ್ಟಿ, ಮೆಲ್ಲಗೆ ಕೇಳಿದರು:

“ಮೋನೇ, ಹೊರಡೋದು ಯಾವಾಗ?”

“ಅವಳು ಇಲ್ಲಿ ಬಂದು ಇಳಿದ ದಿನ, ಉಮ್ಮಾ.”